ಬೆಳಗ್ಗೆ ಚೆನ್ನಾಗಿ ಓಡುವ ಹಳೇ ಕ್ಯಾಂಪರ್ ವ್ಯಾನ್, ಬಿಸಿಯಾದ ಮೇಲೆ ಯಾಕೆ ಹೊಗೆ ಕಾರುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿದ್ದೇವೆ. ಎರಡು ವರ್ಷದ ಹಿಂದೆ 1978ರ ಫೋಕ್ಸ್‌ವ್ಯಾಗನ್ ವೆಸ್ಟ್‌ಫಾಲಿಯಾ ಕ್ಯಾಂಪರ್ ವ್ಯಾನ್ ತಗೊಂಡೆವು. 2 ಲೀಟರ್ ಏರ್‌ಕೂಲ್ಡ್ ಎಂಜಿನ್, ಫ್ಯೂಯಲ್ ಇಂಜೆಕ್ಷನ್ ಇದೆ. ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಇಪ್ಪತ್ತು ನಿಮಿಷ ಓಡಿಸಿದರೆ ಕಥೆ ಬೇರೆ. ಐಡ್ಲಿಂಗ್ ಏರಿಳಿಯುತ್ತದೆ, ಜರ್ಕ್ ಹೊಡೆಯುತ್ತದೆ, ಸೈಲೆನ್ಸರ್‌ನಿಂದ ಕಪ್ಪು ಹೊಗೆ, ಒಳಗೆಲ್ಲ ಪೆಟ್ರೋಲ್ ವಾಸನೆ. ಒಂದೆರಡು ಸಲ ಢಬ್ ಅಂತ ಹೊಡೆದಿದೆ. ಬಿಸಿ ಇದ್ದಾಗ ನಿಲ್ಲಿಸಿ ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕು. ಗ್ಯಾಲನ್‌ಗೆ 18 ಮೈಲಿ ಕೊಡುತ್ತಿದ್ದದ್ದು 12ಕ್ಕೆ ಇಳಿದಿದೆ. ಒಂದು ಗ್ಯಾರೇಜಿನಲ್ಲಿ ಪ್ಲಗ್, ಪೆಟ್ರೋಲ್ ಪಂಪ್, ನಾಲ್ಕೂ ಇಂಜೆಕ್ಟರ್ ಬದಲಾಯಿಸಿದರು. ಏನೂ ಪ್ರಯೋಜನ ಆಗಲಿಲ್ಲ. ಈಗ ಇಂಜೆಕ್ಷನ್ ಕಿತ್ತು ಹಾಕಿ ಎರಡು ಕಾರ್ಬ್ಯುರೇಟರ್ ಹಾಕೋಣ ಅನ್ನುತ್ತಿದ್ದಾರೆ. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಕ್ರೇಟರ್ ಲೇಕ್‌ಗೆ ಹೋಗಬೇಕು ಅಂತಿದ್ದೇವೆ. ಏನು ಮಾಡಲಿ? ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಅಷ್ಟಿಷ್ಟು ಕೈಕೆಲಸ ಬರುತ್ತದೆ.

ಉತ್ತರ: ನಮಸ್ಕಾರ. ಮೊದಲು ಒಂದು ಮಾತು. ಇಂಜೆಕ್ಷನ್ ಕೀಳಲು ಬಿಡಬೇಡಿ. ನಿಮ್ಮ ಪತ್ರ ಓದಿದರೆ ಇದು ನೂರಕ್ಕೆ ತೊಂಬತ್ತು ಪಾಲು ಸಣ್ಣ ದೋಷ. ಹುಡುಕಲು ಒಂದು ಶನಿವಾರ ಬೇಕು, ನಿಮ್ಮ ಮಲ್ಟಿಮೀಟರ್ ಬೇಕು, ಜೊತೆಗೆ ಒಂದು ಪೆಟ್ರೋಲ್ ಪ್ರೆಷರ್ ಗೇಜ್ ಬೇಕು. ಹೊಸ ಪಾರ್ಟ್ಸ್ ಮಾತ್ರ ಸದ್ಯಕ್ಕೆ ಬೇಡ. ಅಳತೆ ಮಾಡದೆ ಇನ್ನೊಂದು ಪಾರ್ಟ್ ಕೂಡ ತರಬೇಡಿ. ಈಗಾಗಲೇ ಮೂರು ಬಗೆಯ ಪಾರ್ಟ್ಸ್ ಬದಲಾಗಿವೆ, ಆದರೆ ಯಾರಾದರೂ ಒಂದು ಅಳತೆ ತೆಗೆದರು ಅಂತ ನೀವು ಎಲ್ಲೂ ಬರೆದಿಲ್ಲ.

ನಾನು ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಡೀಸೆಲ್ ಪಂಪ್ ರಿಪೇರಿ ಮಾಡುವ ಅಂಗಡಿಯಲ್ಲಿ. ಅಲ್ಲಿ ಪಂಪ್ ಅಂದರೆ ಮೈಕೋ. ಬೆಂಗಳೂರಿನ ಆಡುಗೋಡಿಯ ಅದೇ ಮೈಕೋ, ಜರ್ಮನಿಯ ಬಾಷ್ ಕಂಪನಿಯ ಭಾರತದ ಕೂಸು. 1951ರಲ್ಲಿ ಶುರುವಾಯಿತು, 2008ರಲ್ಲಿ ಹೆಸರು ಬಾಷ್ ಅಂತಲೇ ಆಯಿತು. ನಿಮ್ಮ ವ್ಯಾನಿನ ಇಂಜೆಕ್ಷನ್ ಕೂಡ ಬಾಷ್‌ನದ್ದೇ. ಅದರ ಹೆಸರು ಎಲ್-ಜೆಟ್ರಾನಿಕ್. ಜರ್ಮನ್ ಭಾಷೆಯಲ್ಲಿ ಲುಫ್ಟ್ ಅಂದರೆ ಗಾಳಿ, ಆ ಎಲ್ ಅಲ್ಲಿಂದ ಬಂದದ್ದು. ಹೆಸರಲ್ಲೇ ಎಲ್ಲ ಇದೆ: ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಅಂತ ಅಳೆದು, ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುವುದು.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ಕಣ್ಣಿಗೆ ಕಟ್ಟಿದರೆ ಮುಂದಿನದೆಲ್ಲ ಸಲೀಸು. ಏರ್ ಫಿಲ್ಟರ್ ತೆಗೆಯಿರಿ. ಹಿಂದೆ ಒಂದು ಅಲ್ಯೂಮಿನಿಯಂ ಪೆಟ್ಟಿಗೆ, ಅದರ ಬಾಯಲ್ಲಿ ಚೌಕನೆಯ ಒಂದು ರೆಕ್ಕೆ ಬಾಗಿಲು ಕಾಣುತ್ತದೆ. ಅದೇ ಏರ್ ಫ್ಲೋ ಮೀಟರ್. ಎಂಜಿನ್ ಉಸಿರು ಎಳೆದಾಗ ಗಾಳಿ ಆ ಬಾಗಿಲನ್ನು ತಳ್ಳುತ್ತದೆ. ಹಿಂದಿನಿಂದ ಒಂದು ಸ್ಪ್ರಿಂಗ್ ಅದನ್ನು ಮುಚ್ಚಲು ಎಳೆಯುತ್ತಿರುತ್ತದೆ. ಬಾಗಿಲು ಎಷ್ಟು ತೆರೆಯಿತು ಅನ್ನುವುದು ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ಜಾರುವ ಒಂದು ಸಣ್ಣ ಕಡ್ಡಿಯಿಂದ ಕಂಪ್ಯೂಟರಿಗೆ ಗೊತ್ತಾಗುತ್ತದೆ. ರೇಡಿಯೋದ ವಾಲ್ಯೂಮ್ ಗುಂಡಿಯ ಒಳಗೆ ಇರುವಂಥದ್ದೇ ವ್ಯವಸ್ಥೆ. ಕಂಪ್ಯೂಟರ್ ಆ ಲೆಕ್ಕಕ್ಕೆ ಎಂಜಿನ್ ಎಷ್ಟು ಬಿಸಿ ಇದೆ ಅನ್ನುವುದನ್ನೂ ಸೇರಿಸಿ, ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅಂತ ತೀರ್ಮಾನಿಸುತ್ತದೆ. ನಾಲ್ಕೂ ಇಂಜೆಕ್ಟರ್ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುತ್ತವೆ, ಕ್ರ್ಯಾಂಕ್, ಅಂದರೆ ಎಂಜಿನ್ನಿನ ಮುಖ್ಯ ದಂಡ, ಒಂದು ಸುತ್ತು ಬಂದಾಗ ಒಂದು ಸಲ. ಅಷ್ಟೇ. ಈ ಕಂಪ್ಯೂಟರಿಗೆ ನೆನಪಿನ ಶಕ್ತಿ ಇಲ್ಲ, ದೋಷದ ಕೋಡ್ ಇಟ್ಟುಕೊಳ್ಳುವುದಿಲ್ಲ. ಸ್ಕ್ಯಾನರ್ ಚುಚ್ಚುವ ಜಾಗವೇ ಇಲ್ಲ. ಸ್ಕ್ಯಾನರ್ ಹಿಡಿದು ಬೆಳೆದ ಹುಡುಗರು ಈ ಗಾಡಿ ಎದುರು ತಬ್ಬಿಬ್ಬಾಗುವುದು ಇದಕ್ಕೇ.

ಈಗ ಒಂದು ಕೆಲಸ ಮಾಡಿ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆ ರೆಕ್ಕೆ ಬಾಗಿಲನ್ನು ಒಂದು ಬೆರಳಿನಿಂದ ಮೆಲ್ಲಗೆ ಒಳಗೆ ತಳ್ಳಿ. ಗಾಡಿಯ ಕೆಳಗೆ ಪೆಟ್ರೋಲ್ ಪಂಪ್ ಗುಂಯ್ ಅನ್ನಬೇಕು. ಬೆರಳು ತೆಗೆದರೆ ನಿಲ್ಲಬೇಕು. ಎಂಜಿನ್ ನಿಂತರೆ ಪಂಪೂ ನಿಲ್ಲಲಿ ಅಂತ ಮಾಡಿರುವ ಸುರಕ್ಷತೆ ಇದು. ಪಂಪ್‌ನ ಸ್ವಿಚ್ ಈ ಮೀಟರಿನ ಒಳಗೇ ಇದೆ. ಬಾಗಿಲು ಕೊನೆಯವರೆಗೂ ಬೆಣ್ಣೆಯ ಹಾಗೆ ಜಾರಬೇಕು, ಬಿಟ್ಟರೆ ತಾನಾಗೇ ಮುಚ್ಚಬೇಕು. ಢಬ್ ಅಂತ ಹೊಡೆದಿದೆ ಅಂದಿರಲ್ಲ, ಆ ಹೊಡೆತಕ್ಕೆ ಬಾಗಿಲು ಸೊಟ್ಟಗಾಗಿ ಗೋಡೆಗೆ ಉಜ್ಜುವುದುಂಟು. ಹಾಗೆ ಅರ್ಧ ತೆರೆದು ನಿಂತರೆ, ಗಾಳಿ ಜಾಸ್ತಿ ಬಂತು ಅಂತ ತಿಳಿದು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ಬೆರಳಿಗೆ ಎಲ್ಲಾದರೂ ತಡೆ ಸಿಕ್ಕಿತಾ ಅಂತ ಬರೆದಿಟ್ಟುಕೊಳ್ಳಿ.

ಆದರೆ ಇದಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ. ವಾಸನೆ ಬರುತ್ತಿದೆ ಅಂದಿದ್ದೀರಿ, ಮಕ್ಕಳು ಹಿಂದೆ ಕೂರುತ್ತಾರೆ. ಪೆಟ್ರೋಲ್ ಹೋಸ್‌ಗಳನ್ನು ಇವತ್ತೇ ನೋಡಿ. ಎಂಜಿನ್ ತಣ್ಣಗಿರುವಾಗ ಟಾರ್ಚ್ ಹಿಡಿದು ಒಂದೊಂದೇ ಹೋಸನ್ನು ಎರಡು ಬೆರಳಲ್ಲಿ ಬಗ್ಗಿಸಿ. ಬಗ್ಗಿದ ಜಾಗದಲ್ಲಿ ಬೇಸಿಗೆಯಲ್ಲಿ ಒಣಗಿದ ಕೆರೆಯ ಮಣ್ಣಿನ ಹಾಗೆ ಸಣ್ಣ ಬಿರುಕು ಕಂಡರೆ ಆ ಹೋಸ್ ಮುಗಿಯಿತು. ಕ್ಲ್ಯಾಂಪ್ ಕೂರುವ ತುದಿ ಮತ್ತು ಇಂಜೆಕ್ಟರಿನ ಬಾಲಕ್ಕೆ ಸೇರುವ ಗಿಡ್ಡ ಹೋಸ್ ಮೊದಲು ಹೋಗುತ್ತವೆ. ಕಾರ್ಬ್ಯುರೇಟರ್ ಗಾಡಿಯಲ್ಲಿ ಹೋಸ್ ಒಡೆದರೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಇಲ್ಲಿ 35 ಪಿಎಸ್‌ಐ (ಚದರ ಇಂಚಿಗೆ 35 ಪೌಂಡ್) ಒತ್ತಡ ಇದೆ. ಸೂಜಿಮೊನೆಯಷ್ಟು ತೂತಾದರೂ ಬಿಸಿ ಎಂಜಿನ್ ಮೇಲೆ ಮಂಜಿನ ಹಾಗೆ ಚಿಮ್ಮುತ್ತದೆ. ಇಂಥ ಒಂದು ವ್ಯಾನ್ ರಸ್ತೆ ಬದಿಯಲ್ಲಿ ಉರಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮನೆಯವರೆಲ್ಲ ಇಳಿದು ಪಾರಾದರು, ವ್ಯಾನ್ ಉಳಿಯಲಿಲ್ಲ. ಅಲ್ಲಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ಹಳೇ ರಬ್ಬರನ್ನು ಬೇಗ ತಿನ್ನುತ್ತದೆ. ಯಾವಾಗ ಬದಲಾಯಿಸಿದ್ದು ಅಂತ ಗೊತ್ತಿಲ್ಲದಿದ್ದರೆ ಎಲ್ಲವನ್ನೂ ಒಂದೇ ದಿನ ಬದಲಾಯಿಸಿ. ಇಂಜೆಕ್ಷನ್‌ಗೆ ಅಂತಲೇ ಮಾಡಿದ ಹೋಸ್ ತನ್ನಿ, ಮಾಮೂಲಿ ಪೆಟ್ರೋಲ್ ಪೈಪ್ ಬೇಡ. ಪಟ್ಟಿಯಲ್ಲಿ ತೂತು ಇರುವ ಕ್ಲ್ಯಾಂಪ್ ಬೇಡ, ಅದು ರಬ್ಬರನ್ನು ಕಚ್ಚುತ್ತದೆ. ಪಾರ್ಟ್ ತರಬೇಡಿ ಅಂದೆನಲ್ಲ, ಆ ಮಾತಿಗೆ ಇದೊಂದೇ ವಿನಾಯಿತಿ.

ಎರಡನೆಯದು ಇಗ್ನಿಷನ್, ಅಂದರೆ ಪ್ಲಗ್‌ಗೆ ಕಿಡಿ ಕೊಡುವ ವ್ಯವಸ್ಥೆ. ಇಂಜೆಕ್ಷನ್ ಬಗ್ಗೆ ಕೇಳಿದರೆ ಪಾಯಿಂಟ್ (ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಸಣ್ಣ ಸ್ವಿಚ್) ಬಗ್ಗೆ ಹೇಳುತ್ತಾರಲ್ಲ ಅನ್ನಿಸಬಹುದು. ಕಾರಣ ಇದೆ. ಯಾವಾಗ ಪೆಟ್ರೋಲ್ ಬಿಡಬೇಕು ಅನ್ನುವ ಸೂಚನೆ ಕಂಪ್ಯೂಟರಿಗೆ ಬರುವುದು ಇಗ್ನಿಷನ್ ಕಾಯಿಲ್‌ನ ಮೈನಸ್ ತುದಿಯಿಂದ, ಅಂದರೆ 1 ಅಂತ ಬರೆದಿರುವ ಟರ್ಮಿನಲ್‌ನಿಂದ. ಪಾಯಿಂಟ್ ಸುಟ್ಟಿದ್ದರೆ, ಆ ವೈರ್ ಲೂಸ್ ಇದ್ದರೆ ಕಂಪ್ಯೂಟರಿನ ಗಡಿಯಾರವೇ ತಪ್ಪುತ್ತದೆ. ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್ ಇಡಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ಗೆರೆ ಬಿದ್ದಿದೆಯಾ ನೋಡಿ. ಟೈಮಿಂಗ್ ಲೈಟ್ ಇದ್ದರೆ ಟೈಮಿಂಗ್ ನೋಡಿ. ನಿಮ್ಮದು 78ನೇ ಮಾಡೆಲ್, ಕಂಪನಿಯಿಂದ ಬರುವಾಗಲೇ ವಾಲ್ವ್ ಗ್ಯಾಪನ್ನು ಆಯಿಲ್ ಒತ್ತಡದಿಂದ ತಾನೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇತ್ತು, ಹಾಗಾಗಿ ವಾಲ್ವ್ ಗ್ಯಾಪ್ ಇಡುವ ಕೆಲಸ ಸಾಮಾನ್ಯವಾಗಿ ಇಲ್ಲ. ಇಷ್ಟು ಸಾಕು, ಮುಂದಕ್ಕೆ ಹೋಗೋಣ.

ಈಗ ನಿಮ್ಮ ಮುಖ್ಯ ದೂರಿಗೆ ಬರುತ್ತೇನೆ. ಚಳಿಯಲ್ಲಿ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು, ಬಿಸಿಯಾದ ಮೇಲೆ ಕಡಿಮೆ ಸಾಕು. ನಿಮ್ಮ ಗಾಡಿ ಬೆಳಗ್ಗೆ ಚೆನ್ನಾಗಿದೆ, ಬಿಸಿಯಾದ ಮೇಲೆ ಕಪ್ಪು ಹೊಗೆ, ಅಂದರೆ ಆಗ ಪೆಟ್ರೋಲ್ ಬೇಕಾದ್ದಕ್ಕಿಂತ ಜಾಸ್ತಿ ಹೋಗುತ್ತಿದೆ. ಎಂಜಿನ್ ಬಿಸಿಯಾಗಿದೆ ಅನ್ನುವ ಸುದ್ದಿ ಕಂಪ್ಯೂಟರಿಗೆ ಮುಟ್ಟುತ್ತಲೇ ಇಲ್ಲ ಅಂತ ನನಗೆ ಅನ್ನಿಸುತ್ತದೆ. ಆ ಸುದ್ದಿ ಮುಟ್ಟಿಸುವುದು ಸಿಲಿಂಡರ್ ಹೆಡ್‌ನಲ್ಲಿರುವ ಟೆಂಪರೇಚರ್ ಸೆನ್ಸರ್. ಗಾಡಿಯ ಎಡಗಡೆಯ ಹೆಡ್‌ನಲ್ಲಿ, ಮೂರನೇ ಸಿಲಿಂಡರಿನ ಹತ್ತಿರ, ತಗಡಿನ ತೂತಿನಿಂದ ಒಂದೇ ಒಂದು ವೈರ್ ಹೊರಗೆ ಬಂದಿರುತ್ತದೆ. ಅದೇ. ಬಿಸಿ ಏರಿದ ಹಾಗೆ ಇದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅಳೆಯುವುದು ಓಮ್‌ನಲ್ಲಿ) ಇಳಿಯುತ್ತದೆ. 20 ಡಿಗ್ರಿಯಲ್ಲಿ ಸುಮಾರು 2,500 ಓಮ್. ಎಂಜಿನ್ ಪೂರ್ತಿ ಬಿಸಿಯಾದಾಗ 100 ಓಮ್‌ಗಿಂತ ಕೆಳಗೆ.

ಈಗ ಯೋಚಿಸಿ. ಈ ವೈರಿನ ಕನೆಕ್ಟರ್‌ನಲ್ಲಿ ಕಿಲುಬು ಹಿಡಿದು 1,000 ಓಮ್ ಸೇರಿಕೊಂಡಿತು ಅಂತಿಟ್ಟುಕೊಳ್ಳಿ. ಬೆಳಗ್ಗೆ 2,500 ಇರುವ ಕಡೆ 3,500 ಆಗುತ್ತದೆ. ಇನ್ನೂ ಸ್ವಲ್ಪ ಚಳಿ ಇದೆ ಅಂತ ಕಂಪ್ಯೂಟರ್ ಅಂದುಕೊಳ್ಳುತ್ತದೆ, ಗಾಡಿ ಆರಾಮಾಗಿ ಸ್ಟಾರ್ಟ್ ಆಗುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಬಿಸಿಯಾದ ಮೇಲೆ 80 ಇರಬೇಕಾದ ಕಡೆ 1,080. ಕಾದ ಎಂಜಿನ್‌ಗೆ ಚಳಿಗಾಲದ ಬೆಳಗಿನ ಪೆಟ್ರೋಲ್ ಹೋಗುತ್ತದೆ. ನೀವು ಬರೆದ ಪತ್ರದ ಮುಕ್ಕಾಲು ಭಾಗ ಇದೊಂದರಿಂದಲೇ ಬರಬಹುದು.

ಅಳೆಯುವುದು ಹೀಗೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಕೀ ಆಫ್ ಇರುವಾಗ, ಆ ವೈರ್ ಬಿಚ್ಚಿ ಸೆನ್ಸರ್ ತುದಿಗೂ ಎಂಜಿನ್ನಿನ ಬರಿ ಲೋಹಕ್ಕೂ ಮೀಟರ್ ಹಿಡಿಯಿರಿ. ಪೋರ್ಟ್‌ಲ್ಯಾಂಡಿನ ತಂಪು ಬೆಳಗ್ಗೆ, 10 ಡಿಗ್ರಿ ಆಸುಪಾಸಿನಲ್ಲಿ, 3,500ರಿಂದ 4,000 ಬಂದರೂ ಸರಿಯೇ. ಬರೆದುಕೊಳ್ಳಿ. ವೈರ್ ಹಾಕಿ, ಗಾಡಿ ಓಡಿಸಿ, ಹೊಗೆ ಶುರುವಾಗುವವರೆಗೂ ಓಡಿಸಿ. ತಕ್ಷಣ ನಿಲ್ಲಿಸಿ ಮತ್ತೆ ಅಳೆಯಿರಿ. ಇನ್ನೂ ನೂರಾರು ಓಮ್ ಇದ್ದರೆ ಸೆನ್ಸರ್ ಕೆಟ್ಟಿದೆ. ನೂರಕ್ಕಿಂತ ಕಡಿಮೆ ಬಂತಾ? ಖುಷಿಪಟ್ಟು ಅಲ್ಲಿಗೇ ಬಿಡಬೇಡಿ. ಅರ್ಧ ಪರೀಕ್ಷೆ ಮಾತ್ರ ಆಗಿದೆ. ಸೆನ್ಸರ್ ವೈರ್ ಮತ್ತೆ ಹಾಕಿ, ಎಂಜಿನ್ ಕೋಣೆಯಲ್ಲಿರುವ ಕಂಪ್ಯೂಟರಿನ ಉದ್ದನೆಯ ಪ್ಲಗ್ ತೆಗೆದು, 13ನೇ ಪಿನ್ ಮತ್ತು ಎಂಜಿನ್ ಲೋಹದ ನಡುವೆ ಅಳೆಯಿರಿ. ಕೀ ಆಫ್ ಇದ್ದೇ ಇರಬೇಕು. ಪಿನ್‌ನ ಬಾಯಿಗೆ ಮೀಟರಿನ ದಪ್ಪ ಕಡ್ಡಿ ತುರುಕಬೇಡಿ, ಅದು ಅಗಲವಾಗಿ ಇನ್ನೊಂದು ದೋಷ ಹುಟ್ಟುತ್ತದೆ. ಎರಡೂ ಕಡೆ ಒಂದೇ ಲೆಕ್ಕ ಬರಬೇಕು. ಸೆನ್ಸರಿನಲ್ಲಿ 80, ಇಲ್ಲಿ 800 ಅಂದರೆ ದೋಷ ದಾರಿಯಲ್ಲಿದೆ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ಬಂದ ಒಂದು 1977ರ ವ್ಯಾನಿನಲ್ಲಿ ಇದೇ ಆಗಿತ್ತು. ಸೆನ್ಸರ್ ಹೊಸದು, ಥಳಥಳ ಹೊಳೆಯುತ್ತಿತ್ತು. ಕನೆಕ್ಟರಿನ ರಬ್ಬರ್ ಟೋಪಿ ಹಿಂದಕ್ಕೆ ಸರಿಸಿದೆ. ಒಳಗೆ ತಾಮ್ರದ ಎಳೆ ಕಾಣಲಿಲ್ಲ, ಹಸಿರು ಪುಡಿ ಉದುರಿತು. ಇನ್ನೂ ಎರಡು ಇಂಚು ಇನ್ಸುಲೇಷನ್ ಸುಲಿದೆ. ತಾಮ್ರ ಕಪ್ಪಾಗಿತ್ತು, ಬಗ್ಗಿಸಿದರೆ ಒಣ ಹುಲ್ಲಿನ ಹಾಗೆ ಮುರಿಯುತ್ತಿತ್ತು. ಒಳ್ಳೆಯ ತಾಮ್ರ ಸಿಗುವವರೆಗೂ ಕತ್ತರಿಸುತ್ತಾ ಹೋಗಿ, ಹೊಸ ವೈರ್ ಬೆಸೆದು, ಹೊಸ ತುದಿ ಹಾಕಿದೆ. ಹೊಗೆ ಅವತ್ತೇ ನಿಂತಿತು. ಹೊರಗಿನಿಂದ ನೋಡಿದವರಿಗೆ ಆ ವೈರಿನಲ್ಲಿ ಏನೂ ತಪ್ಪು ಕಾಣುತ್ತಿರಲಿಲ್ಲ.

ಸೆನ್ಸರಿಗೆ ಒಂದೇ ವೈರ್ ಅಂದೆನಲ್ಲ, ವಾಪಸ್ ದಾರಿ ಎಂಜಿನ್ನಿನ ಮೈಯೇ. ಅಂದರೆ ಅರ್ಥಿಂಗ್ ಸರಿ ಇರಬೇಕು. ಜರ್ಮನ್ ಗಾಡಿಯಲ್ಲಿ ಅರ್ಥ್ ವೈರ್ ಕಂದು ಬಣ್ಣ, ನಮ್ಮ ಕಡೆ ಕಲಿತವರು ಕರಿ ವೈರ್ ಹುಡುಕಿ ಮೋಸ ಹೋಗುತ್ತಾರೆ. ಎಂಜಿನ್ ಮೇಲೆ ಕಂದು ವೈರ್‌ಗಳು ಗೊಂಚಲಾಗಿ ಒಂದು ಕಡೆ ಬೋಲ್ಟ್ ಆಗಿರುತ್ತವೆ. ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಹೊಳಪು ಬಂದ ಮೇಲೆ ಬಿಗಿ ಮಾಡಿ. ಗೇರ್‌ಬಾಕ್ಸಿನಿಂದ ಗಾಡಿಯ ಮೈಗೆ ಹೋಗುವ ಹೆಣೆದ ಪಟ್ಟಿಯನ್ನೂ ಹಾಗೇ ಮಾಡಿ. ಖರ್ಚಿಲ್ಲದ ಕೆಲಸ, ಎಷ್ಟೋ ಗಾಡಿ ಇದರಲ್ಲೇ ಸರಿಹೋಗಿವೆ.

ಸೆನ್ಸರ್, ವೈರ್, ಅರ್ಥಿಂಗ್ ಮೂರೂ ಸರಿ ಇದೆ ಅಂತಾದರೆ ಇನ್ನಿಬ್ಬರ ಮೇಲೆ ಅನುಮಾನ ಪಡಿ. ಒಂದು ಪೆಟ್ರೋಲಿನ ಒತ್ತಡವನ್ನು ಹತೋಟಿಯಲ್ಲಿಡುವ ಪ್ರೆಷರ್ ರೆಗ್ಯುಲೇಟರ್. ಅದಕ್ಕೆ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಇರುತ್ತದೆ. ಅದನ್ನು ಕಿತ್ತು ಮೂಗಿಗೆ ಹಿಡಿಯಿರಿ. ಒಳಗೆ ಪೆಟ್ರೋಲ್ ಒದ್ದೆ ಇದ್ದರೆ ಒಳಗಿನ ಪೊರೆ ಹರಿದಿದೆ, ಪೆಟ್ರೋಲ್ ನೇರವಾಗಿ ಎಂಜಿನ್ನಿಗೆ ಸೋರುತ್ತಿದೆ. ಆ ರೆಗ್ಯುಲೇಟರ್ ಬದಲಾಯಿಸಲೇಬೇಕು. ಇನ್ನೊಂದು ಕೋಲ್ಡ್ ಸ್ಟಾರ್ಟ್ ವಾಲ್ವ್. ಇದು ಐದನೇ ಇಂಜೆಕ್ಟರ್ ಇದ್ದ ಹಾಗೆ, ಚಳಿಯಲ್ಲಿ ಸೆಲ್ಫ್ ಹೊಡೆಯುವ ಕೆಲವೇ ಸೆಕೆಂಡ್ ಪೆಟ್ರೋಲ್ ಚಿಮುಕಿಸಿ ಸುಮ್ಮನಾಗಬೇಕು. ಹಳತಾದರೆ ಮುಚ್ಚಿಕೊಳ್ಳದೆ ತೊಟ್ಟಿಕ್ಕುತ್ತಲೇ ಇರುತ್ತದೆ. ಎರಡು ಸ್ಕ್ರೂ ಬಿಚ್ಚಿ ವಾಲ್ವ್ ಹೊರಗೆ ತೆಗೆಯಿರಿ, ಹೋಸ್ ಹಾಗೇ ಇರಲಿ. ಅದರ ವೈರ್ ಬಿಚ್ಚಿಡಿ. ಮೂತಿಯನ್ನು ಗಾಜಿನ ಬಾಟಲಿಯೊಳಗೆ ಹಿಡಿದು, ಕೀ ಆನ್ ಮಾಡಿ, ಮೊದಲಿನ ಹಾಗೆ ರೆಕ್ಕೆ ಬಾಗಿಲು ತಳ್ಳಿ ಪಂಪ್ ಓಡಿಸಿ. ಒಂದು ನಿಮಿಷದಲ್ಲಿ ಒಂದು ಹನಿಯೂ ಬೀಳಬಾರದು. ಈ ಕೆಲಸವನ್ನು ಬಯಲಲ್ಲಿ, ಎಂಜಿನ್ ತಣ್ಣಗಿರುವಾಗ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು ಮಾಡಿ. ಒಬ್ಬರೇ ಮಾಡಬೇಡಿ.

ಗೇಜ್ ಹಾಕುವುದು ಇದೇ ಕೋಲ್ಡ್ ಸ್ಟಾರ್ಟ್ ವಾಲ್ವ್‌ನ ಹೋಸ್‌ಗೆ, ನಡುವೆ T ಆಕಾರದ ಒಂದು ಜೋಡಣೆ ಸೇರಿಸಿ. ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ 28 ಪಿಎಸ್‌ಐ ಆಸುಪಾಸು ಬರಬೇಕು. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತು ಪೈಪಿನ ಬಾಯಿ ಮುಚ್ಚಿದರೆ 35ಕ್ಕೆ ಏರಬೇಕು. ಏರಿತು ಅಂದರೆ ಪಂಪ್ ಮತ್ತು ರೆಗ್ಯುಲೇಟರ್ ಎರಡೂ ಸರಿ ಇವೆ. ಇದಕ್ಕಿಂತ ತುಂಬಾ ಜಾಸ್ತಿ ಬಂದರೆ ಟ್ಯಾಂಕಿಗೆ ವಾಪಸ್ ಹೋಗುವ ಪೈಪ್ ಎಲ್ಲೋ ಹಿಸುಕಿಕೊಂಡಿದೆ ಅಥವಾ ರೆಗ್ಯುಲೇಟರ್ ಕಚ್ಚಿಕೊಂಡಿದೆ. ಪಂಪ್ ಬದಲಾಯಿಸುವ ಮೊದಲು ಈ ಗೇಜ್ ಹಾಕಿದ್ದರೆ ನಿಮ್ಮ ದುಡ್ಡು ಉಳಿಯುತ್ತಿತ್ತು ಅಂತ ನನಗೆ ಬೇಜಾರು.

ಗೇಜ್ ಹಾಗೇ ಇರಲಿ, ಎಂಜಿನ್ ಆಫ್ ಮಾಡಿ. ಬಿಸಿ ಇದ್ದಾಗ ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಆಗಲ್ಲ ಅನ್ನುವ ದೂರಿಗೆ ಉತ್ತರ ಇಲ್ಲಿದೆ. ಎಂಜಿನ್ ನಿಂತ ಮೇಲೂ ಹೋಸಿನೊಳಗೆ ಒತ್ತಡ ಉಳಿದಿರಬೇಕು. ಸ್ವಲ್ಪ ಇಳಿಯುವುದು ಸಹಜ. ಆದರೆ ಒಂದೆರಡು ನಿಮಿಷದಲ್ಲಿ ಸೊನ್ನೆಗೆ ಬಿದ್ದರೆ, ಬಿಸಿ ಎಂಜಿನ್ ಮೇಲಿನ ಹೋಸಿನಲ್ಲಿ ಪೆಟ್ರೋಲ್ ಕುದ್ದು ಆವಿಯಾಗುತ್ತದೆ. ಮತ್ತೆ ಸೆಲ್ಫ್ ಹೊಡೆದಾಗ ಇಂಜೆಕ್ಟರ್ ಬಿಡುವುದು ಪೆಟ್ರೋಲ್ ಅಲ್ಲ, ಗುಳ್ಳೆ. ಒತ್ತಡ ಇಳಿಯುವ ದಾರಿ ನಾಲ್ಕೇ: ಪಂಪಿನೊಳಗಿನ ಒಂದು ದಿಕ್ಕಿನ ವಾಲ್ವ್, ರೆಗ್ಯುಲೇಟರ್, ಕೋಲ್ಡ್ ಸ್ಟಾರ್ಟ್ ವಾಲ್ವ್, ಸೋರುವ ಇಂಜೆಕ್ಟರ್. ಹೊಸ ಹೋಸ್ ಹಾಕಿದ ಮೇಲೆ, ಪಂಪ್ ಕಡೆಯ ಹೋಸನ್ನು ಒಮ್ಮೆ, ವಾಪಸ್ ಹೋಗುವ ಹೋಸನ್ನು ಇನ್ನೊಮ್ಮೆ ಮೆತ್ತಗಿನ ಇಕ್ಕಳದಲ್ಲಿ ಹಿಸುಕಿ ನೋಡಿದರೆ ಯಾವ ಕಡೆ ಸೋರುತ್ತಿದೆ ಅಂತ ತಿಳಿಯುತ್ತದೆ. ಹಳೇ ಹೋಸನ್ನು ಹಿಸುಕಬೇಡಿ, ಅಲ್ಲೇ ಒಡೆಯುತ್ತದೆ.

ಹೊಸ ಇಂಜೆಕ್ಟರ್ ಬಗ್ಗೆ ಒಂದು ಅನುಮಾನ ಇದೆ. ಅವು ಈ ಎಂಜಿನ್ನಿಗೇ ಸೇರಿದವಾ? ಮೀಟರ್ ಹಿಡಿದರೆ ಒಂದೊಂದೂ 2ರಿಂದ 3 ಓಮ್ ತೋರಿಸಬೇಕು. 15, 16 ಬಂದರೆ ಬೇರೆ ಯಾವುದೋ ಗಾಡಿಯದನ್ನು ಹಾಕಿದ್ದಾರೆ. ಹಾಗಿದ್ದರೆ ಬಿಲ್ ತಗೊಂಡು ಹೋಗಿ ಕೇಳಿ.

ಐಡ್ಲಿಂಗ್ ಏರಿಳಿಯುವುದು ಬೇರೆಯೇ ಕಾಯಿಲೆ ಇರಬಹುದು. ಮೀಟರಿನ ಬಾಗಿಲಿನಿಂದ ಬಂದ ಗಾಳಿಗೆ ಮಾತ್ರ ಲೆಕ್ಕ ಇದೆ. ಮೀಟರ್ ದಾಟಿದ ಮೇಲೆ ಎಲ್ಲಿಂದಾದರೂ ಗಾಳಿ ನುಗ್ಗಿದರೆ ಅದು ಲೆಕ್ಕಕ್ಕೆ ಸಿಗದ ಗಾಳಿ. ಮೀಟರಿಗೂ ಥ್ರಾಟಲ್‌ಗೂ ನಡುವಿನ ದಪ್ಪ ರಬ್ಬರ್ ಪೈಪ್ ಮೊದಲು ನೋಡಿ, ಅದರ ಮಡಿಕೆಯ ಒಳಗೆ ಸೀಳಿರುತ್ತದೆ, ಎಳೆದು ಹಿಗ್ಗಿಸದೆ ಕಾಣುವುದಿಲ್ಲ. ಇಂಜೆಕ್ಟರ್ ಕೂರುವ ರಬ್ಬರ್ ಸೀಲ್‌ಗಳನ್ನು ಬದಲಾಯಿಸಿದರಾ ಅಂತ ಕೇಳಿ. ಇನ್ನು ಈ ಎಂಜಿನ್ನಿನ ಒಂದು ವಿಶೇಷ: ಕ್ರ್ಯಾಂಕ್‌ಕೇಸ್, ಅಂದರೆ ಆಯಿಲ್ ಇರುವ ಎಂಜಿನ್ನಿನ ಪೆಟ್ಟಿಗೆ, ಅದರ ಗಾಳಿಯೂ ಇದೇ ದಾರಿಗೆ ಸೇರುತ್ತದೆ. ಹಾಗಾಗಿ ಎಂಜಿನ್ ಆಯಿಲ್ ಹಾಕುವ ಮುಚ್ಚಳದ ರಬ್ಬರ್ ಮತ್ತು ಡಿಪ್‌ಸ್ಟಿಕ್‌ನ (ಆಯಿಲ್ ಮಟ್ಟ ನೋಡುವ ಕಡ್ಡಿಯ) ರಬ್ಬರ್ ಬೂಟು ಕೂಡ ಇಂಜೆಕ್ಷನ್ನಿನ ಪಾರ್ಟೇ. ಎಂಜಿನ್ ಐಡ್ಲಿಂಗ್‌ನಲ್ಲಿ ಇರುವಾಗ ಆಯಿಲ್ ಮುಚ್ಚಳ ತೆಗೆಯಿರಿ. ಎಂಜಿನ್ ತಡವರಿಸಬೇಕು, ನಿಂತೇ ಹೋದರೂ ಸರಿ. ಮುಚ್ಚಳ ತೆಗೆದರೂ ಏನೂ ವ್ಯತ್ಯಾಸ ಆಗದಿದ್ದರೆ ಈಗಾಗಲೇ ಇನ್ನೆಲ್ಲೋ ದೊಡ್ಡ ತೂತಿದೆ. ಸೋರಿಕೆ ಹುಡುಕಲು ಎಂಜಿನ್ ಮೇಲೆ ಹೊತ್ತಿಕೊಳ್ಳುವ ಸ್ಪ್ರೇ ಹೊಡೆಯುವ ಅಭ್ಯಾಸ ಕೆಲವರಿಗಿದೆ, ನೀವು ಮಾಡಬೇಡಿ. ಹೊಗೆ ಬಿಟ್ಟು ಸೋರಿಕೆ ನೋಡುವ ಯಂತ್ರ ಅಲ್ಲಿನ ಬಹಳ ಗ್ಯಾರೇಜುಗಳಲ್ಲಿ ಇರುತ್ತದೆ, ಆ ಪರೀಕ್ಷೆ ಮಾತ್ರ ಮಾಡಿಸಿ.

ಒಂದು ಎಚ್ಚರಿಕೆ. ಏರ್ ಫ್ಲೋ ಮೀಟರಿನ ಕಪ್ಪು ಮುಚ್ಚಳವನ್ನು ಸುಮ್ನೆ ಬಿಚ್ಚಬೇಡಿ. ಒಳಗೆ ಹಲ್ಲಿನ ಚಕ್ರ ಇದೆ, ಸ್ಪ್ರಿಂಗಿನ ಬಿಗಿ ಅದರಿಂದ ಬರುತ್ತದೆ. ಹೊಗೆ ಕಂಡ ಕೂಡಲೇ ಆ ಚಕ್ರವನ್ನು ನಾಲ್ಕು ಹಲ್ಲು ತಿರುಗಿಸಿ ಹೊಗೆ ಕಡಿಮೆ ಮಾಡುವವರಿದ್ದಾರೆ. ಆಗ ಬಿಸಿಯಲ್ಲಿ ಓಡುತ್ತದೆ, ಚಳಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ. ಮೂಲ ದೋಷ ಹಾಗೇ ಉಳಿಯಿತು, ಮೇಲೆ ಇನ್ನೊಂದು ಸೇರಿತು. ಮುಚ್ಚಳದ ಸುತ್ತ ಕಂಪನಿಯ ಅಂಟಿನ ಬದಲು ಬೇರೆ ಸಿಲಿಕೋನ್ ಮೆತ್ತಿದ್ದರೆ ಯಾರೋ ಮೊದಲೇ ಕೈಹಾಕಿದ್ದಾರೆ ಅಂತ ತಿಳಿಯಿರಿ, ನನಗೆ ಒಂದು ಫೋಟೋ ಕಳಿಸಿ.

ಕಾರ್ಬ್ಯುರೇಟರ್ ಮಾತಿಗೆ ಬರುತ್ತೇನೆ. ಕಾರ್ಬ್ಯುರೇಟರ್ ಮೇಲೆ ನನಗೆ ಕೋಪ ಇಲ್ಲ, ಸಾವಿರಾರು ತೊಳೆದ ಕೈ ಇದು. ಆದರೆ ನಿಮ್ಮ ಗಾಡಿಯಲ್ಲಿ ಅರ್ಥಿಂಗ್ ಕೆಟ್ಟಿದ್ದರೆ, ಪಾಯಿಂಟ್ ಸುಟ್ಟಿದ್ದರೆ, ಗಾಳಿ ಸೋರುತ್ತಿದ್ದರೆ, ಕಾರ್ಬ್ಯುರೇಟರ್ ಹಾಕಿದ ಮೇಲೂ ಅವೆಲ್ಲ ಅಲ್ಲೇ ಇರುತ್ತವೆ. ಪೋರ್ಟ್‌ಲ್ಯಾಂಡ್ ಸುತ್ತಮುತ್ತ 1975 ಮತ್ತು ಅದರ ನಂತರದ ಗಾಡಿಗಳಿಗೆ ಹೊಗೆ ಪರೀಕ್ಷೆ ಇದೆ, ಅದನ್ನೂ ಯೋಚಿಸಿ. ಚೆನ್ನಾಗಿರುವ ಎಲ್-ಜೆಟ್ರಾನಿಕ್ ಗಾಡಿ ಚಳಿಯಲ್ಲಿ ಒಂದೇ ಸೆಲ್ಫ್‌ಗೆ ಎದ್ದು, ಐದು ನಿಮಿಷದಲ್ಲಿ ತಾನೇ ಐಡ್ಲಿಂಗ್ ಇಳಿಸಿಕೊಂಡು ಓಡುತ್ತದೆ. ಎರಡು ಕಾರ್ಬ್ಯುರೇಟರನ್ನು ಒಂದೇ ಸಮ ಮಾಡಿ ವರ್ಷಪೂರ್ತಿ ಹಾಗೇ ಇಡುವುದು ಇದಕ್ಕಿಂತ ಜಾಸ್ತಿ ಕೆಲಸ.

ಕ್ರೇಟರ್ ಲೇಕ್ ಅಂದಿರಿ. ಅಲ್ಲಿ ಕೆರೆಯ ಅಂಚು 7,000 ಅಡಿಗಿಂತ ಎತ್ತರ. ಮೇಲೆ ಗಾಳಿ ತೆಳು. ಈ ಮೀಟರ್ ಗಾಳಿಯ ತೂಕ ಅಳೆಯುವುದಿಲ್ಲ, ತಳ್ಳುವ ಬಲ ಅಳೆಯುತ್ತದೆ, ಹಾಗಾಗಿ ಎತ್ತರದಲ್ಲಿ ಚೆನ್ನಾಗಿರುವ ಗಾಡಿಯೂ ಸ್ವಲ್ಪ ರಿಚ್, ಅಂದರೆ ಗಾಳಿಗಿಂತ ಪೆಟ್ರೋಲ್ ಪಾಲು ಜಾಸ್ತಿಯಾಗಿ, ಓಡುತ್ತದೆ. ಈಗಿರುವ ಸ್ಥಿತಿಯಲ್ಲಿ ನಿಮ್ಮ ವ್ಯಾನ್ ಆ ಘಾಟಿ ಹತ್ತಿದರೆ ಹೊಗೆ ಇನ್ನೂ ಜಾಸ್ತಿ ಆಗುತ್ತದೆ. ಸರಿಮಾಡಿದ ಮೇಲೆ ಮೊದಲು ಹತ್ತಿರದ ಯಾವುದಾದರೂ ಏರು ರಸ್ತೆಯಲ್ಲಿ ಒಂದು ಗಂಟೆ ಓಡಿಸಿ ನೋಡಿ.

ಹೊರಡುವ ಮೊದಲು ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಇಷ್ಟು ದಿನ ರಿಚ್ ಓಡಿದ ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆ ತೊಳೆದುಕೊಂಡು ಆಯಿಲ್‌ಗೆ ಇಳಿದಿರುತ್ತದೆ. ವಾಸನೆ ಬಂದರೆ, ಆಯಿಲ್ ಮಟ್ಟ ಗೆರೆಗಿಂತ ಮೇಲೆ ಬಂದಿದ್ದರೆ, ಅದು ತೆಳುವಾಗಿದೆ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಆಯಿಲ್ಲೂ ಅರ್ಧ ರೇಡಿಯೇಟರ್ ಇದ್ದ ಹಾಗೆ. ದೋಷ ಸರಿಮಾಡಿದ ದಿನವೇ ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಾಯಿಸಿ, ಹೊಸದು ಹಾಕಿ, ಮೂರೂವರೆ ಲೀಟರ್ ಹಿಡಿಯುತ್ತದೆ. ಆಮೇಲೆ ತಣ್ಣಗಿನ ಸೆನ್ಸರ್ ಓಮ್, ಬಿಸಿ ಸೆನ್ಸರ್ ಓಮ್, 13ನೇ ಪಿನ್ನಿನ ಓಮ್, ಗೇಜಿನ ಎರಡು ಲೆಕ್ಕ, ಈ ಐದು ಅಂಕಿ ನನಗೆ ಬರೆದು ಕಳಿಸಿ.